ತಲೆ ಮೇಲೆ ಕೆಂಡ, ಗೋಡೆ ಮೇಲೆ ಏಸಿ!

ರಾಯಚೂರು ಜಿಲ್ಲೆಯಲ್ಲಿ ಎರಡಕ್ಕೆ ಬರ ಇಲ್ಲ. ಒಂದು ಬಿಸಿಲು. ಇನ್ನೊಂದು ಕರೆಂಟು ಹುಟ್ಟಿಸುವ ಕಾರ್ಖಾನೆ. ಬಿಸಿಲನ್ನು ದೇವರು ಕೊಟ್ಟ, ಕಾರ್ಖಾನೆಯನ್ನು ಸರ್ಕಾರ ಕೊಟ್ಟಿತು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಯಿತು. ಮುಂದೆ ಎಂಟು ಘಟಕಗಳಾಗಿ 1720 ಮೆಗಾವ್ಯಾಟ್ ಸಾಮರ್ಥ್ಯದವರೆಗೆ ಬೆಳೆಯಿತು. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ಕರೆಂಟು ತಂತಿಯಲ್ಲಿ ಹೋಗುತ್ತದೆ, ಬೂದಿ ಮಾತ್ರ ಇಲ್ಲೇ ಉಳಿಯುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು. ಕರೆಂಟಿನ ನಿಜವಾದ ಬೆಲೆ ಏನು ಅಂತ ಯಾರಿಗಾದರೂ ಗೊತ್ತಿರಬೇಕಾದರೆ ಅದು ಈ ಜಿಲ್ಲೆಯವರಿಗೇ.

ಆದರೆ ಜಿಲ್ಲೆಯ ಕಾಲೇಜುಗಳ ಕಾಂಪೌಂಡಿನೊಳಗೆ ಹೋಗಿ ನೋಡಿದರೆ ಆ ಗುರುತೇ ಕಾಣುವುದಿಲ್ಲ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಹಡಿಯ ಮೇಲಿನ ಕ್ಲಾಸಿನಲ್ಲಿ ಅರವತ್ತು ಹುಡುಗ ಹುಡುಗಿಯರು ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಾರೆ. ನಾಲ್ಕು ಫ್ಯಾನಿದ್ದರೆ ಒಂದು ತಿರುಗುವುದಿಲ್ಲ, ಒಂದು ತಿರುಗಿದರೂ ಗಾಳಿ ಬರುವುದಿಲ್ಲ. ಕೆಳಗಿನ ಕೋಣೆಯಲ್ಲಿ, ಸಾಹೇಬರ ಕುರ್ಚಿಯ ಹಿಂದೆ, ಏಸಿ 18 ಡಿಗ್ರಿಗೆ ಓಡುತ್ತಿರುತ್ತದೆ. ಬಾಗಿಲು ಅರ್ಧ ತೆರೆದೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಪ್ರತಿ ಬೇಸಿಗೆಯೂ ಒಂದು ಬೇಡಿಕೆ ಎದ್ದೇ ಏಳುತ್ತದೆ. "ಕ್ಲಾಸಿಗೂ ಏಸಿ ಹಾಕಿಸ್ರಿ!" ಹುಡುಗರು ಕೇಳುವುದರಲ್ಲಿ ತಪ್ಪಿಲ್ಲ. ಮಾನ್ವಿಯಿಂದ, ದೇವದುರ್ಗದಿಂದ ನಿಂತುಕೊಂಡೇ ಬಸ್ಸಿನಲ್ಲಿ ಬಂದ ಹುಡುಗಿ ಕ್ಲಾಸಿನಲ್ಲಿ ತಲೆ ತಿರುಗಿ ಬೀಳಬೇಕು ಅಂತ ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೆ ಏಸಿ ಅನ್ನುವುದು ಕೊನೆಯ ಉತ್ತರ. ಅದನ್ನೇ ಮೊದಲ ಉತ್ತರ ಮಾಡಿಕೊಂಡರೆ ಕಾಲೇಜಿನ ಗಂಟೂ ಹೋಗುತ್ತದೆ, ಮೇಲಿನ ಮಹಡಿಯ ಸೆಕೆಯೂ ಹೋಗುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಕಿರ್ದಿ ಖಾತೆ ಬರೆಯಲು ಬರುವ ಯಾವ ಅಂಗಡಿಯವರಿಗೂ ಈ ಲೆಕ್ಕ ಸಿಗುತ್ತದೆ.

ಮಾಳಿಗೆಯೇ ಒಲೆ

ಮೊದಲು ಶಾಖ ಎಲ್ಲಿಂದ ಬರುತ್ತದೆ ನೋಡಿ. ಎಲ್ಲರೂ ಕಿಟಕಿ ಕಡೆ ಬೆರಳು ತೋರಿಸುತ್ತಾರೆ. ಆದರೆ ಮೇಲಿನ ಮಹಡಿಗೆ ದೊಡ್ಡ ಶತ್ರು ತಲೆಯ ಮೇಲಿನ ಸ್ಲ್ಯಾಬು.

ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಕ್ಲಾಸ್ ರೂಮು ಅಂತ ಇಟ್ಟುಕೊಳ್ಳಿ. ಅದರ ಮಾಳಿಗೆ 600 ಚದರಡಿ, ಅಂದರೆ ಸುಮಾರು 55 ಚದರ ಮೀಟರು. ಬೇಸಿಗೆಯ ನಡುಮಧ್ಯಾಹ್ನ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲು ಹೆಚ್ಚುಕಡಿಮೆ 1000 ವ್ಯಾಟ್. ಬಕೆಟ್ಟಿನಲ್ಲಿ ನೀರು ಕಾಯಿಸುವ ಒಂದು ಸಾಧಾರಣ ಕಾಯಿಲಿನ ಶಕ್ತಿ ಅಷ್ಟು. ಅಂದರೆ ಒಂದು ಕ್ಲಾಸಿನ ನೆತ್ತಿಯ ಮೇಲೆ 55 ಕಾಯಿಲು ಸಾಲಾಗಿ ಹಾಸಿ ಸ್ವಿಚ್ ಹಾಕಿದಂತೆ!

ಅಷ್ಟೂ ಶಾಖ ಒಳಗೆ ಇಳಿಯುವುದಿಲ್ಲ, ನಿಜ. ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಆಕಾಶಕ್ಕೆ ವಾಪಸ್ ಹೋಗುತ್ತದೆ. ಆದರೆ ವರ್ಷಗಟ್ಟಲೆ ಮಳೆ ಧೂಳು ತಿಂದು ಕಪ್ಪಾದ ಸಿಮೆಂಟು ಮಾಳಿಗೆ ಬಿಸಿಲಿನ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲನ್ನು ನುಂಗಿಕೊಳ್ಳುತ್ತದೆ. ನುಂಗಿದ್ದನ್ನು ಕೂಡಲೇ ಕಕ್ಕುವುದೂ ಇಲ್ಲ. ಸ್ಲ್ಯಾಬು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಕೆಳಗೆ ಬಿಡುತ್ತದೆ. ಅದಕ್ಕೇ ಮಧ್ಯಾಹ್ನದ ಮೇಲಿನ ಕ್ಲಾಸು ಬೆಳಗಿನದಕ್ಕಿಂತ ಸುಡುತ್ತದೆ. ಅದಕ್ಕೇ ಹಾಸ್ಟೆಲಿನ ಮೇಲಿನ ಮಹಡಿಯ ಹುಡುಗರು ರಾತ್ರಿ ಹನ್ನೆರಡಾದರೂ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತುತ್ತಾರೆ. ಹೊರಗೆ ತಂಗಾಳಿ, ಒಳಗೆ ಹಂಚು ಕಾದಂತೆ.

ಈ ಕಾದ ಹಂಚಿನ ಕೆಳಗೆ ಏಸಿ ಹಾಕುವುದು ಹೇಗಿದೆ ಅಂದರೆ, ಒಲೆ ಆರಿಸದೆ ಉಕ್ಕುವ ಹಾಲಿಗೆ ಚಮಚದಲ್ಲಿ ನೀರು ಚಿಮುಕಿಸಿದ ಹಾಗೆ.

ಏಸಿಯ ಹಿಸಾಬು

ಈಗ ಏಸಿಯ ಲೆಕ್ಕಕ್ಕೆ ಬರೋಣ. ಅಂಗಡಿಯಲ್ಲಿ "ಒಂದು ಟನ್, ಒಂದೂವರೆ ಟನ್" ಅಂತಾರಲ್ಲ, ಅದು ಮಶೀನಿನ ತೂಕ ಅಲ್ಲ. ಹಿಂದೆ ಐಸಿನಿಂದ ತಂಪು ಮಾಡುತ್ತಿದ್ದ ಕಾಲದ ಅಳತೆ ಅದು. ಒಂದು ಟನ್ ಐಸು 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖವನ್ನು ಒಂದು ಟನ್ನಿನ ಏಸಿ ಹೊರಗೆ ಹಾಕುತ್ತದೆ. ಈಗಿನ ಲೆಕ್ಕದಲ್ಲಿ ಸುಮಾರು 3500 ವ್ಯಾಟ್.

ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತದೆ. ಅರವತ್ತು ಜನರ ಕ್ಲಾಸಿನಲ್ಲಿ ಅದೇ 6000 ವ್ಯಾಟ್. ಅಂದರೆ ಹುಡುಗರ ಮೈಶಾಖಕ್ಕೇ ಒಂದೂಮುಕ್ಕಾಲು ಟನ್ ಬೇಕಾಯಿತು. ಇದರ ಮೇಲೆ ಸ್ಲ್ಯಾಬು, ಪಶ್ಚಿಮದ ಗೋಡೆ, ಮುಚ್ಚಲು ಬಾರದ ಕಿಟಕಿ, ಹತ್ತು ನಿಮಿಷಕ್ಕೊಮ್ಮೆ ತೆರೆಯುವ ಬಾಗಿಲು. ಇಂಥ ರೂಮಿಗೆ ಒಂದೂವರೆ ಟನ್ನಿನ ಏಸಿ ಮೂರಾದರೂ ಬೇಕು ಅಂತ ಹಿಡಿಯಿರಿ.

ಒಂದೊಂದು ಗಂಟೆಗೆ ಒಂದೂವರೆ ಯೂನಿಟ್ ತಿಂದರೆ ಮೂರಕ್ಕೆ ನಾಲ್ಕೂವರೆ ಯೂನಿಟ್. ದಿನಕ್ಕೆ ಐದು ತಾಸು ಓಡಿಸಿದರೆ 22.5 ಯೂನಿಟ್. ಇಪ್ಪತ್ತು ರೂಮಿನ ಕಾಲೇಜಾದರೆ 450 ಯೂನಿಟ್. ಬೇಸಿಗೆಯ 60 ದಿನಕ್ಕೆ 27,000 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಅಂತ ಹಿಡಿದರೂ 2,16,000 ರೂಪಾಯಿ. ಶಕ್ತಿನಗರದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಹತ್ತೊಂಬತ್ತು ಟನ್ ಕಲ್ಲಿದ್ದಲು.

ಮಶೀನಿನ ದುಡ್ಡು ಬೇರೆ. ಒಂದಕ್ಕೆ 40 ಸಾವಿರದಂತೆ 60 ಏಸಿಗೆ 24 ಲಕ್ಷ. ಅದು ಮುಗಿಯಿತು ಅನ್ನುವಷ್ಟರಲ್ಲಿ ವೈರಿಂಗ್ ಬದಲಿಸಬೇಕು, ಜೆಸ್ಕಾಂ ಕಚೇರಿಗೆ ಹೋಗಿ 90 ಕಿಲೋವ್ಯಾಟ್ ಲೋಡ್ ಹೆಚ್ಚಿಸಿಕೊಳ್ಳಬೇಕು, ಟ್ರಾನ್ಸ್‌ಫಾರ್ಮರ್ ಸಾಲದಿದ್ದರೆ ಅದೂ ಬೇಕು. ಲೋಡ್ ಹೆಚ್ಚಿಸಿಕೊಂಡ ಮೇಲೆ ಏಸಿ ಓಡಲಿ ಬಿಡಲಿ, ಹನ್ನೆರಡು ತಿಂಗಳೂ ಫಿಕ್ಸೆಡ್ ಚಾರ್ಜು ಕಟ್ಟಬೇಕು. ಬೇಸಿಗೆ ಎರಡು ತಿಂಗಳು, ಬಿಲ್ಲು ವರ್ಷವಿಡೀ! ಈ ಕಷ್ಟ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ ಮನೆಯ ಮೀಟರಿಗೆ ಬಂತು, ದುಕಾನಿನ ಮೀಟರಿಗೆ ಬರಲಿಲ್ಲ. ಒಂದು ಟ್ಯೂಬ್‌ಲೈಟು ಹೆಚ್ಚಿಗೆ ಹಾಕುವ ಮುಂಚೆ ಅವರು ಎರಡು ಸಲ ಯೋಚಿಸುತ್ತಾರೆ. ಕಾಲೇಜಿನವರು ಒಂದು ಸಲವಾದರೂ ಯೋಚಿಸಬಾರದೇ?

ಸರ್ಕಾರಿ ಕಾಲೇಜಾದರೆ ಈ ದುಡ್ಡು ಜನರ ತೆರಿಗೆ. ಖಾಸಗಿಯಾದರೆ ಹುಡುಗರ ಫೀಸು. ಎರಡೂ ಅದೇ ಅಂಗಡಿಯವರ, ಅದೇ ಬಸ್ಸಿನ ಪ್ರಯಾಣಿಕರ ಜೇಬಿನಿಂದಲೇ ಹೋಗುವುದು.

ಯುಗಾದಿಯ ಸುಣ್ಣ

ಹಾಗಾದರೆ ಏನು ಮಾಡಬೇಕು? ಉತ್ತರ ಊರಲ್ಲೇ ಇದೆ. ಯುಗಾದಿ ಬಂತೆಂದರೆ ಹಳ್ಳಿಯಲ್ಲಿ ಮನೆಗೆ ಸುಣ್ಣ ಬಳಿಯುತ್ತಾರೆ. ಹಬ್ಬಕ್ಕೆ ಚೆಂದ ಕಾಣಲಿ ಅಂತ ಅನ್ನುತ್ತಾರೆ. ಆದರೆ ಹಬ್ಬ ಬರುವುದೇ ಬಿಸಿಲು ಏರುವ ಹೊತ್ತಿಗೆ. ಬಿಳಿಯ ಗೋಡೆ ಬಿಸಿಲನ್ನು ವಾಪಸ್ ಕಳಿಸುತ್ತದೆ ಅನ್ನುವುದು ಅಜ್ಜಿಗೆ ಪುಸ್ತಕ ಓದದೆಯೂ ಗೊತ್ತಿತ್ತು.

ಅದೇ ಸುಣ್ಣವನ್ನು ಗೋಡೆಗೆ ಬಳಿದು ಮಾಳಿಗೆಯನ್ನು ಕಪ್ಪಾಗಿ ಬಿಟ್ಟಿರುವುದೇ ಈಗಿನ ತಪ್ಪು. ಹೊಸದಾಗಿ ಬಳಿದ ಬಿಳಿ ಮಾಳಿಗೆ ಬಿಸಿಲಿನ ಹತ್ತರಲ್ಲಿ ಏಳು ಪಾಲನ್ನು ಬಂದ ದಾರಿಗೇ ಕಳಿಸುತ್ತದೆ. ಒಳಗೇ ಬಾರದ ಶಾಖವನ್ನು ಹೊರಗೆ ಹಾಕಲು ಯಾವ ಮಶೀನೂ ಬೇಡ, ಯಾವ ಬಿಲ್ಲೂ ಇಲ್ಲ.

ಇದು ಬರೀ ಬಾಯಿಮಾತಲ್ಲ. ಪಕ್ಕದ ಹೈದರಾಬಾದಿನ ಕಟ್ಟಡಗಳ ಮೇಲೆ ಅಲ್ಲಿನ ಐಐಐಟಿ ಮತ್ತು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಸೇರಿ ಅಳೆದು ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಸಾದಾ ಕಾಂಕ್ರೀಟ್ ಮಾಳಿಗೆಗೆ ಬಿಳಿ ಲೇಪ ಕೊಟ್ಟರೆ ತಂಪು ಮಾಡುವ ಕರೆಂಟಿನಲ್ಲಿ ನೂರಕ್ಕೆ 10ರಿಂದ 19 ಪಾಲು ಉಳಿತಾಯ. ಕಪ್ಪು ಮಾಳಿಗೆಯನ್ನು ಬಿಳಿ ಮಾಡಿದರೆ 14ರಿಂದ 26 ಪಾಲು. ರಾಯಚೂರಿನ ಬಿಸಿಲು ಹೈದರಾಬಾದಿನ ಬಿಸಿಲಿಗಿಂತ ಮೃದು ಅಂತ ಯಾರೂ ಹೇಳಲಾರರು.

ಗಡಿಯಾಚೆಯ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಳಿಗೆಯ ನೀತಿಯನ್ನೇ ಹೊರಡಿಸಿತು. ಐದು ವರ್ಷದಲ್ಲಿ 300 ಚದರ ಕಿಲೋಮೀಟರ್ ಮಾಳಿಗೆಯನ್ನು ತಂಪು ಮಾಡಬೇಕು ಅನ್ನುವುದು ಅದರ ಗುರಿ. ಕೃಷ್ಣಾ ಸೇತುವೆ ದಾಟಿದರೆ ಸರ್ಕಾರವೇ ಮಾಳಿಗೆಯ ಬಣ್ಣದ ಬಗ್ಗೆ ಯೋಚಿಸುತ್ತದೆ. ಸೇತುವೆಯ ಈಚೆ ಕಾಲೇಜಿನವರಿಗೆ ಮಾಳಿಗೆ ನೆನಪಾಗುವುದು ಮಳೆಗಾಲದಲ್ಲಿ ಸೋರಿದಾಗ ಮಾತ್ರ.

ಖರ್ಚು ಎಷ್ಟು? ಬಿಳಿ ಲೇಪಕ್ಕೆ ಕೂಲಿ ಸೇರಿ ಚದರಡಿಗೆ 20 ರೂಪಾಯಿ ಅಂತ ಧಾರಾಳವಾಗಿಯೇ ಹಿಡಿಯಿರಿ. ಮೇಲಿನ ಮಹಡಿಯಲ್ಲಿ ಹತ್ತು ಕ್ಲಾಸಿದ್ದರೆ 6000 ಚದರಡಿಗೆ 1,20,000 ರೂಪಾಯಿ. ಒಂದೇ ಒಂದು ಕ್ಲಾಸಿಗೆ ಹಾಕಬೇಕಾದ ಮೂರು ಏಸಿಯ ಬೆಲೆಯೂ ಅಷ್ಟೇ! ಒಂದು ರೂಮಿನ ದುಡ್ಡಿನಲ್ಲಿ ಹತ್ತು ರೂಮಿನ ನೆತ್ತಿ ತಣ್ಣಗಾಗುತ್ತದೆ. ಬರೀ ಸುಣ್ಣ ಬಳಿದರೆ ಇನ್ನೂ ಸೋವಿ. ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಧೂಳಿಗೆ ಮಂಕಾಗುತ್ತದೆ ಅನ್ನುವುದು ನಿಜ. ಹೋಗಲಿ, ವರ್ಷಕ್ಕೊಮ್ಮೆ ಬಳಿಯಿರಿ. ಹಬ್ಬವೂ ವರ್ಷಕ್ಕೊಮ್ಮೆಯೇ ಬರುತ್ತದೆ.

ತಿರುಗದ ಫ್ಯಾನು, ತಿನ್ನುವ ಫ್ಯಾನು

ಎರಡನೆಯ ಕೆಲಸ ಫ್ಯಾನಿನದು. ಫ್ಯಾನು ನಿಧಾನಕ್ಕೆ ತಿರುಗುತ್ತಿದೆ ಅಂದರೆ ಬಹಳ ಸಲ ಹೋಗಿರುವುದು ಕಂಡೆನ್ಸರು. ಅಂಗಡಿಯಲ್ಲಿ ಅದರ ಬೆಲೆ ಒಂದು ಊಟದಷ್ಟೂ ಇಲ್ಲ. ಅದನ್ನು ಬದಲಿಸಲು ಕಾಲೇಜಿನಲ್ಲಿ ಅರ್ಜಿ, ಶಿಫಾರಸು, ಮಂಜೂರಾತಿ, ಕೊಟೇಶನ್ ಅಂತ ಓಡಾಡುವಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಇನ್ನು ಗೋಡೆಯ ಮೇಲಿನ ಆ ಹಳೆಯ ದೊಡ್ಡ ರೆಗ್ಯುಲೇಟರ್ ಡಬ್ಬಿಗಳು. ಕಡಿಮೆ ಸ್ಪೀಡಿಗೆ ಇಟ್ಟರೆ ಕರೆಂಟು ಉಳಿಯುತ್ತದೆ ಅಂತ ಜನ ತಿಳಿದಿದ್ದಾರೆ. ಡಬ್ಬಿ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಫ್ಯಾನಿಗೆ ಹೋಗದ ಕರೆಂಟಿನಲ್ಲಿ ಒಂದು ಪಾಲು ಅಲ್ಲೇ ಸುಟ್ಟುಹೋಗುತ್ತಿದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಆ ನಷ್ಟ ಇಲ್ಲ.

ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಈಗ ಬಂದಿರುವ ಬಿಎಲ್‌ಡಿಸಿ ಮೋಟರಿನ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಗುರುತು ಕಡ್ಡಾಯವಾಗಿದೆ. ಹಾಗಂತ ಎಲ್ಲ ಫ್ಯಾನನ್ನೂ ನಾಳೆಯೇ ಕಿತ್ತು ಗುಜರಿಗೆ ಹಾಕಿ ಅನ್ನುವುದು ಸೇಲ್ಸ್‌ಮನ್ ಮಾತು. ಲೆಕ್ಕ ಬೇರೆ ಹೇಳುತ್ತದೆ.

ಕ್ಲಾಸಿನ ಫ್ಯಾನು ವರ್ಷಕ್ಕೆ 200 ದಿನ, ದಿನಕ್ಕೆ 6 ತಾಸು ತಿರುಗಿದರೆ ಉಳಿಯುವುದು 54 ಯೂನಿಟ್, ಅಂದರೆ 432 ರೂಪಾಯಿ. ಹೊಸ ಫ್ಯಾನಿಗೆ 3000 ರೂಪಾಯಿ ಕೊಟ್ಟಿದ್ದರೆ ಅದು ವಾಪಸ್ ಬರಲು ಏಳು ವರ್ಷ. ಅದೇ ಹಾಸ್ಟೆಲಿನ ಫ್ಯಾನು 300 ದಿನ, ದಿನಕ್ಕೆ 15 ತಾಸು ತಿರುಗುತ್ತದೆ. ಅಲ್ಲಿ ಉಳಿಯುವುದು 200 ಯೂನಿಟ್ಟಿಗೂ ಮೇಲೆ, 1600 ರೂಪಾಯಿ. ಎರಡು ವರ್ಷದೊಳಗೆ ಅಸಲು ವಾಪಸ್. ಆದ್ದರಿಂದ ಮೊದಲು ಹಾಸ್ಟೆಲು, ಆಮೇಲೆ ಲೈಬ್ರರಿ. ಕ್ಲಾಸಿನಲ್ಲಿ ಫ್ಯಾನು ಸುಟ್ಟುಹೋದಾಗ ಅದಕ್ಕೆ ಮತ್ತೆ ಮತ್ತೆ ವೈಂಡಿಂಗ್ ಮಾಡಿಸುವ ಬದಲು ಹೊಸದನ್ನು ಹಾಕಿದರೆ ಸಾಕು. ಕೊಳ್ಳುವುದೇ ಜಾಣತನ ಅಲ್ಲ, ಯಾವುದನ್ನು ಮೊದಲು ಕೊಳ್ಳಬೇಕು ಅನ್ನುವುದೇ ಜಾಣತನ.

ಇದರ ಜೊತೆ ಒಂದು ಮಾತು ಹೇಳಲೇಬೇಕು. ಹೊರಗೆ 42, 43 ಡಿಗ್ರಿ ಇದ್ದಾಗ ಬರೀ ಫ್ಯಾನು ಬೀಸುವುದು ಬಿಸಿಗಾಳಿಯನ್ನೇ. ಅಂಥ ಮಧ್ಯಾಹ್ನಕ್ಕೆ ಫ್ಯಾನೊಂದೇ ಮದ್ದಲ್ಲ. ಆದರೆ ಈ ಭಾಗದ ಬೇಸಿಗೆ ಒಣ ಬೇಸಿಗೆ. ಒಣಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ, ಕಿರಾಣಿ ಅಂಗಡಿಯವರು ಬಾಗಿಲಿಗೆ ಹಸಿ ಗೋಣಿತಟ್ಟು ಇಳಿಬಿಡುವುದೂ ಇದೇ ಗುಟ್ಟಿನಿಂದ. ನೀರಿನ ಕೂಲರು ಏಸಿಯ ಕರೆಂಟಿನ ಒಂದು ಸಣ್ಣ ಪಾಲಿನಲ್ಲಿ ಓಡುತ್ತದೆ. ಕಿಟಕಿ ತೆರೆದಿಟ್ಟೇ ಓಡಿಸಬೇಕು, ಮುಚ್ಚಿದರೆ ಮೈ ಅಂಟುತ್ತದೆ. ಕೊಡಗಟ್ಟಲೆ ನೀರು ಬೇಡುತ್ತದೆ ಅನ್ನುವುದೇ ಅದರ ದೋಷ. ನೀರಿಲ್ಲದ ಊರಲ್ಲಿ ಅದನ್ನು ನೂರು ರೂಮಿಗೆ ಹಾಕಲಾಗದು. ಪರೀಕ್ಷೆಯ ಹಾಲಿಗೆ, ಲೈಬ್ರರಿಗೆ ಹಾಕಬಹುದು.

ನೀರು ಕಾಯಿಸಿ ಕರೆಂಟು, ಕರೆಂಟು ಸುಟ್ಟು ನೀರು!

ಚಳಿಗಾಲದ ಕಥೆ ಇನ್ನೂ ತಮಾಷೆ. ರಾಯಚೂರಿನಲ್ಲಿ ರೂಮು ಬೆಚ್ಚಗೆ ಮಾಡುವ ಪ್ರಶ್ನೆ ಇಲ್ಲ. ಆದರೆ ಹಾಸ್ಟೆಲಿನಲ್ಲಿ ಬೆಳಗಿನ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕು. ಅದಕ್ಕೆ ಗೀಸರು, ಇಲ್ಲವೇ ರೂಮಿನಲ್ಲಿ ಕದ್ದುಮುಚ್ಚಿ ಹಚ್ಚುವ ಕಾಯಿಲು.

ಶಕ್ತಿನಗರದಲ್ಲಿ ಏನಾಗುತ್ತದೆ? ಕಲ್ಲಿದ್ದಲು ಸುಟ್ಟು ನೀರು ಕಾಯಿಸುತ್ತಾರೆ. ಆ ಹಬೆಯಿಂದ ಚಕ್ರ ತಿರುಗಿಸಿ ಕರೆಂಟು ಮಾಡುತ್ತಾರೆ. ಕಲ್ಲಿದ್ದಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಆ ಕರೆಂಟು ತಂತಿ ಹಿಡಿದು ಹಾಸ್ಟೆಲಿಗೆ ಬರುತ್ತದೆ. ಬಂದು ಏನು ಮಾಡುತ್ತದೆ? ಮತ್ತೆ ನೀರು ಕಾಯಿಸುತ್ತದೆ! ನೀರು ಕಾಯಿಸಿ ಕರೆಂಟು ಮಾಡಿ, ಆ ಕರೆಂಟು ಸುಟ್ಟು ನೀರು ಕಾಯಿಸುವುದು. ಅದೂ ಮಾಳಿಗೆಯ ಮೇಲೆ ಪುಕ್ಕಟೆ ಕೆಂಡ ಸುರಿಯುವ ಊರಿನಲ್ಲಿ.

ಇನ್ನೂರು ಜನರ ಹಾಸ್ಟೆಲಿನಲ್ಲಿ ತಲೆಗೆ 15 ಲೀಟರ್ ಬಿಸಿನೀರು ಅಂತ ಇಟ್ಟುಕೊಳ್ಳಿ. ಒಟ್ಟು 3000 ಲೀಟರ್. ಅಷ್ಟು ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ದಿನಕ್ಕೆ ಸುಮಾರು 70 ಯೂನಿಟ್. 200 ದಿನಕ್ಕೆ 14,000 ಯೂನಿಟ್, 1,12,000 ರೂಪಾಯಿ. ಅದೇ ಮಾಳಿಗೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇಟ್ಟರೆ ಈ ಬಿಲ್ಲಿನ ಬಹುಪಾಲು ಅಳಿಸಿಹೋಗುತ್ತದೆ. ರಾಜ್ಯ ಸರ್ಕಾರ 2007ರಲ್ಲೇ ಹಲವು ಬಗೆಯ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಅಂತ ಆದೇಶ ಮಾಡಿತ್ತು.

ಇಟ್ಟ ಕಡೆಯೂ ಪಾಡೇನು? ಗಡಸು ನೀರಿಗೆ ಕೊಳವೆಯಲ್ಲಿ ಉಪ್ಪು ಕಟ್ಟುತ್ತದೆ. ಗಾಜಿನ ಮೇಲೆ ಇಂಚು ಧೂಳು ಕೂರುತ್ತದೆ. ಒರೆಸುವವರಿಲ್ಲ. "ಸೋಲಾರ್ ಕೆಲಸ ಮಾಡೂದಿಲ್ರಿ" ಅಂತ ಅದನ್ನು ಮೂಲೆಗೆ ಹಾಕಿ ಮತ್ತೆ ಗೀಸರು ಹಚ್ಚುತ್ತಾರೆ. ಸೋಲಾರ್ ಕೆಲಸ ಮಾಡುತ್ತದೆ. ಕೆಲಸ ಮಾಡದಿರುವುದು ಬಟ್ಟೆ ಹಿಡಿಯಬೇಕಾದ ಕೈ.

ಗಡಿಯಾರವೂ ಒಂದು ಏಸಿ

ಯಾವ ಖರ್ಚೂ ಇಲ್ಲದ ತಂಪು ಯಂತ್ರ ಒಂದಿದೆ. ಅದು ಗಡಿಯಾರ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಬೇಸಿಗೆ ವೇಳಾಪಟ್ಟಿ ಹಳೆಯ ರೂಢಿ. ಗುಮಾಸ್ತರಿಗೆ ಅರ್ಥವಾದ ಬಿಸಿಲು ಕಾಲೇಜಿನ ಟೈಮ್‌ಟೇಬಲ್ಲಿಗೆ ಯಾಕೆ ಅರ್ಥವಾಗುವುದಿಲ್ಲ? ಮೇಲಿನ ಮಹಡಿಯ ಕ್ಲಾಸನ್ನು ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಿ, ಆಮೇಲಿನ ಪ್ರಾಕ್ಟಿಕಲ್ಲುಗಳನ್ನು ಕೆಳಗಿನ ಮಹಡಿಗೆ ಹಾಕಿದರೆ ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಹಾಗೆ ಬದಲಿಸುವಾಗ ಬೆಳಗಿನ ಬಸ್ಸಿನ ವೇಳೆಯನ್ನೂ ಸಾರಿಗೆ ಸಂಸ್ಥೆಯ ಡಿಪೋದವರ ಜೊತೆ ಕೂತು ಹೊಂದಿಸಬೇಕು. ಇಲ್ಲದಿದ್ದರೆ ಹಳ್ಳಿಯ ಹುಡುಗರಿಗೆ ಮೊದಲ ಪಿರಿಯಡ್ಡು ಖೋತಾ.

ಇನ್ನು ಕಟ್ಟಡದ ಮಾತು. ಹಳೆಯ ಕಲ್ಲಿನ ಮನೆಗಳಲ್ಲಿ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಅಂಗಳ, ಬಿಸಿಗಾಳಿ ಹೊರಹೋಗಲು ಬೆಳಕಿಂಡಿ ಇರುತ್ತಿದ್ದವು. ಈಗ ಕಾಲೇಜು ಕಟ್ಟುವವರಿಗೆ ಮುಂಭಾಗಕ್ಕೆ ಗಾಜು ಬೇಕು. ಪಶ್ಚಿಮಕ್ಕೆ ಗಾಜು ಹಾಕಿ, ಒಳಗೆ ಪರದೆ ಎಳೆದು, ಹಗಲಲ್ಲೇ ಲೈಟು ಹಾಕಿ, ಏಸಿ ಬಿಟ್ಟು ಕೂರುವುದಕ್ಕೆ ಮಾಡರ್ನ್ ಕ್ಯಾಂಪಸ್ ಅಂತ ಹೆಸರು!

ಮಾಡರ್ನ್ ಅಂದರೆ ಏನು ಅಂತ ನೋಡಬೇಕಾದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಬಹುದು. ಅದನ್ನು ರೂಪಿಸಿದ ಬಾಲಕೃಷ್ಣ ದೋಶಿ ಅವರಿಗೆ 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಅವರು ಅಲ್ಲಿ ಮಾಡಿದ್ದೇನು? ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ನಡುನಡುವೆ ಅಂಗಳ, ಮೇಲೆ ಬಳ್ಳಿ ಹಬ್ಬಿದ ನೆರಳು. ಬೆಂಗಳೂರಿನ ಹವೆ ಬೇರೆ, ರಾಯಚೂರಿನ ಬಿಸಿಲು ಬೇರೆ. ಆದರೆ ನೆರಳಿಗೆ ಮರ್ಯಾದೆ ಕೊಡುವ ಬುದ್ಧಿ ಎರಡೂ ಕಡೆ ಒಂದೇ. ತಂಪು ಹವೆಯ ಊರಿಗೇ ಅಷ್ಟು ನೆರಳು ಬೇಕಾದರೆ ಬಿಸಿಲೂರಿಗೆ ಎಷ್ಟು ಬೇಕು?

ಇದ್ದ ಕಟ್ಟಡವನ್ನು ಕೆಡವಬೇಕಾಗಿಲ್ಲ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿದರೆ ಸಾಕು. ಒಳಗಿನ ಪರದೆಗಿಂತ ಹೊರಗಿನ ತಟ್ಟಿ ಮೇಲು, ಯಾಕೆಂದರೆ ಬಿಸಿಲು ಗಾಜು ದಾಟುವ ಮುಂಚೆಯೇ ತಡೆಯುತ್ತದೆ. ಅದೇ ದಿಕ್ಕಿಗೆ ಬೇವು, ಹೊಂಗೆ ನೆಟ್ಟರೆ ಈಗಿನ ಹುಡುಗರ ತಮ್ಮ ತಂಗಿಯರು ಅದರ ನೆರಳಲ್ಲಿ ಓದುತ್ತಾರೆ. ವನಮಹೋತ್ಸವದ ದಿನ ಫೋಟೋಕ್ಕೆ ನೆಟ್ಟು, ಮಾರನೇ ದಿನ ಮೇಕೆಗೆ ಬಿಡುವ ಗಿಡದ ಮಾತಲ್ಲ ಇದು.

ಏಸಿ ಬೇಡವೇ ಬೇಡವೇ?

ಬೇಕಾದ ಕಡೆ ಬೇಕು. ಕಂಪ್ಯೂಟರ್ ಲ್ಯಾಬು, ನಾಜೂಕು ಉಪಕರಣಗಳ ಕೋಣೆ, ಬೆಂದುಬಿದ್ದ ಹುಡುಗನನ್ನು ಮಲಗಿಸಲು ಒಂದು ಆರೈಕೆ ಕೋಣೆ. ಬಿಸಿಲು ವರ್ಷದಿಂದ ವರ್ಷಕ್ಕೆ ಜನರ ಪ್ರಾಣಕ್ಕೇ ಬರುತ್ತಿರುವಾಗ ಏಸಿ ಅಂದರೆ ಬರೀ ಶೋಕಿ ಅಂತ ತಳ್ಳಿಹಾಕುವಂತಿಲ್ಲ. ಆದರೆ ಹಾಕಿದ ಮೇಲೆ ಸರಿಯಾಗಿ ನಡೆಸಬೇಕು. 2020ರ ಜನವರಿಯಿಂದ ಹೊಸ ರೂಮ್ ಏಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕು ಅಂತ ಕೇಂದ್ರದ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಕರೆಂಟಿನಲ್ಲಿ ನೂರಕ್ಕೆ ಆರು ಪಾಲು ಉಳಿಯುತ್ತದೆ ಅನ್ನುವುದು ಇಂಧನ ದಕ್ಷತಾ ಸಂಸ್ಥೆಯವರು ಹೇಳುವ ಲೆಕ್ಕ. 18ರಿಂದ 24ಕ್ಕೆ ಏರಿಸಿದರೆ ಬಿಲ್ಲಿನ ಮೂರನೇ ಒಂದು ಪಾಲು ಹತ್ತಿರ ಹತ್ತಿರ ಉಳಿಯಿತು. 26ಕ್ಕೆ ಇಟ್ಟು ಮೇಲೆ ಫ್ಯಾನು ಹಾಕಿದರೆ ಯಾರ ಕೆಲಸವೂ ಕೆಡುವುದಿಲ್ಲ. ಆದರೆ ರಿಮೋಟು ಯಾರ ಟೇಬಲಿನ ಮೇಲಿದೆಯೋ ಅವರಿಗೆ ಬಿಲ್ಲು ಬರುವುದಿಲ್ಲ, ಬಿಲ್ಲು ಕಟ್ಟುವ ಗುಮಾಸ್ತನ ಕೈಗೆ ರಿಮೋಟು ಸಿಗುವುದಿಲ್ಲ. ರೋಗ ಇರುವುದು ಇಲ್ಲಿ.

ಫೈಲು ಹಸಿರು, ಮಾಳಿಗೆ ಕಪ್ಪು

ಕಾಲೇಜುಗಳಿಗೆ ಈ ವಿಷಯ ಗೊತ್ತಿಲ್ಲ ಅಂತಲ್ಲ. ನ್ಯಾಕ್ ತಂಡ ಬರುವ ವರ್ಷ ಎಲ್ಲ ಕಡೆಯೂ "ಗ್ರೀನ್ ಆಡಿಟ್", "ಎನರ್ಜಿ ಆಡಿಟ್" ಅಂತ ಫೈಲು ತಯಾರಾಗುತ್ತದೆ, ಬಣ್ಣದ ಫೋಟೋ ಅಂಟುತ್ತದೆ. ತಂಡ ಚಹಾ ಕುಡಿದು ಹೋದ ಮೇಲೆ ಫೈಲು ಬೀರುವಿಗೆ, ಫ್ಯಾನು ಮತ್ತೆ ಹಳೆಯ ಚಾಳಿಗೆ. ಫೈಲಿನ ಬಣ್ಣ ಹಸಿರು, ಮಾಳಿಗೆಯ ಬಣ್ಣ ಅದೇ ಕಪ್ಪು.

ಸರ್ಕಾರದ ಕಾನೂನೂ ಎಲ್ಲರನ್ನೂ ಹಿಡಿಯುವುದಿಲ್ಲ. 2007ರಲ್ಲಿ ಬಂದು 2017ರಲ್ಲಿ ಪರಿಷ್ಕಾರವಾದ ಇಂಧನ ಉಳಿತಾಯದ ಕಟ್ಟಡ ಸಂಹಿತೆಯನ್ನು 100 ಕಿಲೋವ್ಯಾಟಿನಷ್ಟು ಲೋಡ್ ಇರುವ ದೊಡ್ಡ ಕಟ್ಟಡಗಳಿಗಾಗಿ ಮಾಡಿದ್ದು. ತಾಲ್ಲೂಕಿನ ಸಣ್ಣ ಕಾಲೇಜು ಆ ಬಲೆಗೆ ಬೀಳುವುದೇ ಇಲ್ಲ. ಬಿಸಿಲಿಗೆ ಮಾತ್ರ ದೊಡ್ಡ ಕಟ್ಟಡ, ಸಣ್ಣ ಕಟ್ಟಡ ಅನ್ನುವ ಭೇದ ಇಲ್ಲ.

ಈ ಭಾಗಕ್ಕೆ 371(ಜೆ) ಬಂದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬಂದು, ಶಾಲೆ ಕಾಲೇಜಿಗೆ ರೂಮು ಕಟ್ಟುವುದು ನಡೆದಿದೆ. ಒಳ್ಳೆಯದೇ. ಆದರೆ ಹೊಸ ರೂಮಿನ ಎಸ್ಟಿಮೇಟು ಬರೆಯುವ ದಿನವೇ ಅದರಲ್ಲಿ ಬಿಳಿ ಮಾಳಿಗೆ, ಅಗಲವಾದ ಸಜ್ಜೆ, ಎದುರುಬದುರು ಕಿಟಕಿ ಸೇರಿಸಿದರೆ ಹೆಚ್ಚಿನ ಖರ್ಚು ಅಲ್ಪ. ಕಟ್ಟಿ ಮುಗಿಸಿ, ಉದ್ಘಾಟನೆಯ ಕಲ್ಲು ನೆಟ್ಟು, ಆಮೇಲೆ "ಸೆಕೆ ಆಗ್ತದ" ಅಂತ ಏಸಿಗೆ ಅರ್ಜಿ ಹಾಕುವುದು ಜನರ ದುಡ್ಡಿಗೆ ಎರಡು ಸಲ ಕತ್ತರಿ.

ಜಿಲ್ಲೆಯ ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಗಳಲ್ಲಿ ಊರು ಕೇಳಬೇಕಾದದ್ದು ಬಹಳ ದೊಡ್ಡದಲ್ಲ. ಕಾಲೇಜಿನ ಮೀಟರು ಓದಿ ತಿಂಗಳು ತಿಂಗಳು ಬರೆದಿಡುವ ಒಬ್ಬ ಮನುಷ್ಯನನ್ನು ಹೆಸರು ಹೇಳಿ ನೇಮಿಸಿ. ಫ್ಯಾನಿನ ಕಂಡೆನ್ಸರ್ ಬದಲಿಸಲು ಅವನ ಕೈಯಲ್ಲಿ ಸ್ವಲ್ಪ ಚಿಲ್ಲರೆ ದುಡ್ಡು ಇಡಿ. ಏಸಿಯ ಟೆಂಡರು ಕರೆಯುವ ಮುಂಚೆ ಮೇಲಿನ ಮಹಡಿಯ ಅಕ್ಕಪಕ್ಕದ ಎರಡು ಕ್ಲಾಸು ಆರಿಸಿ. ಒಂದರ ಮಾಳಿಗೆಗೆ ಸುಣ್ಣ ಬಳಿಯಿರಿ, ಇನ್ನೊಂದನ್ನು ಇದ್ದಂತೆಯೇ ಬಿಡಿ. ಎರಡರಲ್ಲೂ ಒಂದೊಂದು ಥರ್ಮಾಮೀಟರು ನೇತುಹಾಕಿ. ದಿನಾ ಮಧ್ಯಾಹ್ನ ಮೂರು ಗಂಟೆಗೆ ಫಿಸಿಕ್ಸ್ ಹುಡುಗರೇ ಓದಿ, ಗೇಟಿನ ಬಳಿಯ ಕರಿಹಲಗೆಯ ಮೇಲೆ ಎರಡೂ ಅಂಕಿ ಬರೆಯಲಿ. ಬಸ್ಸಿಗೆ ಕಾಯುವವರು ಓದಲಿ, ಎದುರಿನ ಅಂಗಡಿಯವರು ಓದಲಿ.

ಒಂದು ತಿಂಗಳು ಆ ಅಂಕಿ ನೋಡಿದ ಮೇಲೂ 24 ಲಕ್ಷದ ಏಸಿಯೇ ಮೊದಲು ಬೇಕು ಅಂತ ಯಾರಾದರೂ ಅಂದರೆ, ಅವರಿಗೆ ಸೆಕೆಯ ಚಿಂತೆ ಇಲ್ಲ, ಟೆಂಡರಿನ ಚಿಂತೆ ಇದೆ ಅಂತ ಊರು ತಿಳಿದುಕೊಳ್ಳುತ್ತದೆ. ಮುಂದಿನ ಯುಗಾದಿಗೆ ಮನೆಗೆ ಸುಣ್ಣ ತರುವವರು ಕಾಲೇಜಿನ ಮಾಳಿಗೆಗೂ ನಾಲ್ಕು ಚೀಲ ಹೆಚ್ಚಿಗೆ ತರಲಿ. ಅಂಗಡಿಯಲ್ಲಿ ಸುಣ್ಣಕ್ಕೆ ಇನ್ನೂ ಬರ ಬಂದಿಲ್ಲ.